ಒಂದೇ ವಸ್ತು, ಸಾವಿರ ಪಟ್ಟು ವ್ಯತ್ಯಾಸ: ಎಲೆಕ್ಟ್ರೋಡ್ ಒಳಗೆ ಅಯಾನಿನ ಓಡಾಟವನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಾನು ಎಂ.ಎಸ್ಸಿ. ವಿದ್ಯಾರ್ಥಿನಿ. ಬ್ಯಾಟರಿ ಎಲೆಕ್ಟ್ರೋಡ್ ವಸ್ತುಗಳ ಮೇಲೆ ಪ್ರಾಜೆಕ್ಟ್ ಶುರು ಮಾಡಿದ್ದೇನೆ. ಗಟ್ಟಿ ವಸ್ತುವಿನ ಒಳಗೆ ಲಿಥಿಯಂ ಅಯಾನು ಹೇಗೆ ಓಡಾಡುತ್ತದೆ? ಅದನ್ನು ನಿಜವಾಗಿ ಯಾರಾದರೂ ನೋಡಿದ್ದಾರಾ, ಇಲ್ಲ ಎಲ್ಲವೂ ಬರೀ ಲೆಕ್ಕವಾ? ಒಂದೇ ವಸ್ತುವಿಗೆ ಎರಡು ಪ್ರಬಂಧಗಳು ಕೊಟ್ಟಿರುವ ಡಿಫ್ಯೂಷನ್ ಗುಣಾಂಕದಲ್ಲಿ, ಅಂದರೆ ಅಯಾನು ಎಷ್ಟು ಬೇಗ ಹರಡುತ್ತದೆ ಎಂದು ಹೇಳುವ ಸಂಖ್ಯೆಯಲ್ಲಿ, ಸಾವಿರ ಪಟ್ಟು ವ್ಯತ್ಯಾಸ ಇದೆ. ಯಾವುದನ್ನು ನಂಬಲಿ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆ ಓದಿ ಖುಷಿಯಾಯಿತು. ಈ ಕೆಲಸಕ್ಕೆ ಇಳಿದವರೆಲ್ಲ ಒಂದಲ್ಲ ಒಂದು ದಿನ ಆ ಸಾವಿರ ಪಟ್ಟಿನ ಎದುರು ನಿಲ್ಲುತ್ತಾರೆ. ಕೆಲವರು ತಮಗೆ ಹೊಂದುವ ಸಂಖ್ಯೆಯನ್ನು ಎತ್ತಿಕೊಂಡು ಮುಂದೆ ಹೋಗಿಬಿಡುತ್ತಾರೆ. ನೀವು ನಿಂತು ಕೇಳಿದ್ದೀರಿ.

ಚಿಕ್ಕ ಉತ್ತರ ಇಷ್ಟೇ: ಎರಡೂ ಪ್ರಬಂಧಗಳು ಸರಿ ಇರಬಹುದು. ಅಯಾನು ಪಕ್ಕದ ಜಾಗಕ್ಕೆ ಒಮ್ಮೆ ಜಿಗಿಯುವುದು ಒಂದು ಸಂಗತಿ. ಅದೇ ಅಯಾನು ಎಲೆಕ್ಟ್ರೋಡ್ ಪುಡಿಯ ಇಡೀ ಕಣವನ್ನು ದಾಟಿ ಹೊರಗೆ ಬರುವುದು ಬೇರೆಯೇ ಸಂಗತಿ. ಒಬ್ಬರು ಮೊದಲನೆಯದನ್ನು ಅಳೆದಿರುತ್ತಾರೆ, ಇನ್ನೊಬ್ಬರು ಎರಡನೆಯದನ್ನು. ಇಬ್ಬರೂ ಅದಕ್ಕೆ ಒಂದೇ ಹೆಸರು ಕೊಟ್ಟಿರುತ್ತಾರೆ. ಈಗ ದೊಡ್ಡ ಉತ್ತರಕ್ಕೆ ಬರೋಣ.

ಗಟ್ಟಿ ವಸ್ತು ಎಂದರೆ ಒಳಗೆಲ್ಲ ಒತ್ತಾಗಿ ತುಂಬಿಕೊಂಡಿರುತ್ತದೆ ಎಂದು ನಮಗೆ ಅನಿಸುತ್ತದೆ. ಹರಳಿನ ಒಳಗೆ ಹಾಗಿಲ್ಲ. ಆಮ್ಲಜನಕ, ಕೋಬಾಲ್ಟ್, ಕಬ್ಬಿಣದಂಥ ಅಯಾನುಗಳು ಚೌಕಟ್ಟು ಕಟ್ಟಿರುತ್ತವೆ. ಆ ಚೌಕಟ್ಟಿನ ನಡುವೆ ಸಣ್ಣ ಸಣ್ಣ ಜಾಗಗಳು ಉಳಿದಿರುತ್ತವೆ. ಲಿಥಿಯಂ ಅಯಾನು ಕೂರುವುದು ಅಲ್ಲೇ. ಅದರ ತ್ರಿಜ್ಯ ಸುಮಾರು 0.76 ಆಂಗ್‌ಸ್ಟ್ರಾಂ, ಅಂದರೆ ಬಹಳ ಚಿಕ್ಕದು. ಅದು ತನ್ನ ಜಾಗದಲ್ಲಿ ಸುಮ್ನೆ ಕೂತಿರುವುದಿಲ್ಲ. ಸೆಕೆಂಡಿಗೆ ಸುಮಾರು 10¹³ ಸಲ ಕಂಪಿಸುತ್ತಿರುತ್ತದೆ. ಪ್ರತಿ ಕಂಪನವೂ ಪಕ್ಕದ ಜಾಗಕ್ಕೆ ಹೋಗಲು ಮಾಡಿದ ಒಂದು ಪ್ರಯತ್ನ ಎಂದುಕೊಳ್ಳಿ. ಹೆಚ್ಚುಕಮ್ಮಿ ಎಲ್ಲ ಪ್ರಯತ್ನಗಳೂ ಸೋಲುತ್ತವೆ, ಏಕೆಂದರೆ ಎರಡು ಜಾಗಗಳ ನಡುವೆ ಆಮ್ಲಜನಕಗಳು ಕಟ್ಟಿದ ಇಕ್ಕಟ್ಟಾದ ಬಾಗಿಲು ಇರುತ್ತದೆ. ಅದನ್ನು ನುಸುಳಲು ಒಂದಿಷ್ಟು ಶಕ್ತಿ ಬೇಕು. ಅದಕ್ಕೆ ಶಕ್ತಿ ತಡೆ ಎನ್ನೋಣ.

ಈ ತಡೆ ಎಷ್ಟು ಮುಖ್ಯ ಎಂದು ನೀವೇ ಲೆಕ್ಕ ಹಾಕಿ ನೋಡಬಹುದು. ತಡೆ 0.3 ಎಲೆಕ್ಟ್ರಾನ್ ವೋಲ್ಟ್ ಇದ್ದರೆ ಕೋಣೆಯ ಉಷ್ಣಾಂಶದಲ್ಲಿ ಒಂದು ಅಯಾನು ಸೆಕೆಂಡಿಗೆ ಸುಮಾರು 8 ಕೋಟಿ ಸಲ ಜಿಗಿಯುತ್ತದೆ. ತಡೆಯನ್ನು 0.5 ಮಾಡಿದರೆ ಅದು ಸುಮಾರು 35 ಸಾವಿರಕ್ಕೆ ಇಳಿಯುತ್ತದೆ. ಪ್ರತಿ 0.06 ಎಲೆಕ್ಟ್ರಾನ್ ವೋಲ್ಟಿಗೆ ವೇಗ ಹತ್ತು ಪಟ್ಟು ಕಡಿಮೆಯಾಗುತ್ತದೆ. ಹರಳಿನ ಪದರಗಳ ನಡುವಿನ ಅಂತರ ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಲಕ್ಷಾಂತರ ಪಟ್ಟು ಕಡಿಮೆ ಬದಲಾದರೂ ಅಯಾನಿನ ವೇಗ ಇಷ್ಟೊಂದು ಬದಲಾಗುವುದು ಇದೇ ಕಾರಣಕ್ಕೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಬ್ಯಾಟರಿಯ ವೋಲ್ಟೇಜ್ ಕಣದ ಒಳಗಿರುವ ಅಯಾನನ್ನು ಹಗ್ಗ ಹಾಕಿ ಎಳೆದಂತೆ ಎಳೆಯುತ್ತದೆ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಎಲೆಕ್ಟ್ರೋಡ್ ವಸ್ತುವಿನಲ್ಲಿ ಎಲೆಕ್ಟ್ರಾನುಗಳೂ ಓಡಾಡುತ್ತವೆ. ಅವು ಸಲೀಸಾಗಿ ಓಡಾಡುವ ವಸ್ತುವಾದರೆ ಕಣದ ಒಳಗಿನ ವಿದ್ಯುತ್ ಕ್ಷೇತ್ರವನ್ನು ಬಹುಪಾಲು ಅಳಿಸಿಹಾಕುತ್ತವೆ. ಹಾಗಾಗಿ ಒಳಗೆ ಅಯಾನಿಗೆ ದಿಕ್ಕು ತೋರಿಸುವವರು ಯಾರೂ ಇಲ್ಲ. ಅದು ಆ ಕಡೆ, ಈ ಕಡೆ, ಹಿಂದೆ, ಮುಂದೆ ಜಿಗಿಯುತ್ತಿರುತ್ತದೆ. ಮೇಲ್ಮೈ ಹತ್ತಿರ ಅಯಾನು ಜಾಸ್ತಿ, ಒಳಗೆ ಕಡಿಮೆ ಇದ್ದಾಗ, ಈ ಗೊತ್ತುಗುರಿಯಿಲ್ಲದ ಜಿಗಿತಗಳೆಲ್ಲ ಸೇರಿ ಒಟ್ಟಾರೆ ಒಳಮುಖದ ಹರಿವು ಆಗುತ್ತದೆ. ಅದನ್ನೇ ನಾವು ವಿಸರಣೆ, ಅಂದರೆ ಡಿಫ್ಯೂಷನ್ ಎನ್ನುವುದು.

ಗೊತ್ತುಗುರಿಯಿಲ್ಲದ ನಡಿಗೆಗೆ ಒಂದು ಗುಣ ಇದೆ. 100 ಹೆಜ್ಜೆ ಇಟ್ಟರೆ ಹೊರಟ ಜಾಗದಿಂದ ಸರಾಸರಿ 10 ಹೆಜ್ಜೆ ದೂರ ಹೋಗಿರುತ್ತೀರಿ, ಅಷ್ಟೇ. ದೂರ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟಾಗುತ್ತದೆ. ಡಿಫ್ಯೂಷನ್ ಗುಣಾಂಕ ಸೆಕೆಂಡಿಗೆ 10⁻¹⁰ ಚದರ ಸೆಂಟಿಮೀಟರ್ ಇರುವ ವಸ್ತುವನ್ನು ತೆಗೆದುಕೊಳ್ಳಿ. 5 ಮೈಕ್ರೋಮೀಟರ್ ದಾಟಲು ಸುಮಾರು 2500 ಸೆಕೆಂಡ್ ಬೇಕು, ಅಂದರೆ 40 ನಿಮಿಷ. ಅದೇ ವಸ್ತುವನ್ನು ಸಣ್ಣ ಕಣ ಮಾಡಿ ದೂರವನ್ನು 50 ನ್ಯಾನೋಮೀಟರಿಗೆ ಇಳಿಸಿದರೆ ಕಾಲು ಸೆಕೆಂಡ್ ಸಾಕು. ವಸ್ತು ಬದಲಾಗಿಲ್ಲ, ದೂರ ಮಾತ್ರ ಬದಲಾಗಿದೆ. ಬ್ಯಾಟರಿ ತಯಾರಕರು ಕಣದ ಗಾತ್ರದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳುವುದು ಏಕೆ ಎಂದು ಈಗ ಗೊತ್ತಾಯಿತು ಅಲ್ವಾ?

ಜಿಗಿಯಲು ಪಕ್ಕದ ಜಾಗ ಖಾಲಿ ಇರಬೇಕು ಎನ್ನುವುದನ್ನೂ ಮರೆಯಬಾರದು. ಲಿಥಿಯಂ ಕೋಬಾಲ್ಟ್ ಆಕ್ಸೈಡನ್ನು ನೋಡಿ. 1980ರಲ್ಲಿ ಜಾನ್ ಗುಡ್‌ಇನಫ್ ಅವರ ತಂಡ ಆಕ್ಸ್‌ಫರ್ಡ್‌ನಲ್ಲಿ ಇದನ್ನು ಎಲೆಕ್ಟ್ರೋಡ್ ಆಗಿ ಬಳಸಬಹುದು ಎಂದು ತೋರಿಸಿತು. ಇದರಲ್ಲಿ ಲಿಥಿಯಂ ಪದರ ಪದರವಾಗಿ ಕೂತಿರುತ್ತದೆ. ಪದರ ಪೂರ್ತಿ ತುಂಬಿದ್ದಾಗ ಯಾರೂ ಅಲುಗಾಡುವಂತಿಲ್ಲ. ಚಾರ್ಜ್ ಮಾಡುತ್ತ ಹೋದಂತೆ ಜಾಗಗಳು ಖಾಲಿಯಾಗುತ್ತವೆ, ಓಡಾಟ ಶುರುವಾಗುತ್ತದೆ. ಆಂಟನ್ ವ್ಯಾನ್ ಡೆರ್ ವೆನ್ ಮತ್ತು ಗರ್ಬ್ರಾಂಡ್ ಸೀಡರ್ ಅವರ ಲೆಕ್ಕಾಚಾರ ಇನ್ನೂ ಸೂಕ್ಷ್ಮವಾದ ವಿಷಯ ಹೇಳಿತು. ಒಂದು ಜಾಗ ಖಾಲಿ ಇರುವುದಕ್ಕಿಂತ, ಅಕ್ಕಪಕ್ಕ ಎರಡು ಜಾಗ ಖಾಲಿ ಇದ್ದರೆ ಅಯಾನಿಗೆ ಸುತ್ತಿಕೊಂಡು ಹೋಗುವ ಸುಲಭದ ದಾರಿ ಸಿಗುತ್ತದೆ, ತಡೆ ಬಹಳ ತಗ್ಗುತ್ತದೆ. ಅದರ ಜೊತೆಗೆ ಲಿಥಿಯಂ ಹೊರಹೋದಂತೆ ಪದರಗಳು ಮೊದಲು ದೂರ ಸರಿಯುತ್ತವೆ, ತುಂಬಾ ಹೊರತೆಗೆದರೆ ಮತ್ತೆ ಕುಸಿಯುತ್ತವೆ. ಹಾಗಾಗಿ ಈ ವಸ್ತುವಿಗೆ "ಡಿಫ್ಯೂಷನ್ ಗುಣಾಂಕ ಇಷ್ಟು" ಎಂದು ಒಂದೇ ಸಂಖ್ಯೆ ಕೊಟ್ಟವರನ್ನು ಮೊದಲು ಕೇಳಬೇಕಾದ್ದು: ಎಷ್ಟು ಚಾರ್ಜ್ ಆಗಿದ್ದಾಗ?

ಈಗ ನನಗೆ ಬಹಳ ಇಷ್ಟವಾದ ಕತೆಗೆ ಬರುತ್ತೇನೆ. ನಿಮ್ಮ "ಯಾರಾದರೂ ನೋಡಿದ್ದಾರಾ" ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಲಿಥಿಯಂ ಐರನ್ ಫಾಸ್ಫೇಟ್ ಅನ್ನು ಗುಡ್‌ಇನಫ್ ತಂಡವೇ 1997ರಲ್ಲಿ ಎಲೆಕ್ಟ್ರೋಡ್ ವಸ್ತುವಾಗಿ ಪ್ರಕಟಿಸಿತು. ಅದರ ಹರಳಿನಲ್ಲಿ ಪದರಗಳಿಲ್ಲ, ಕೊಳವೆಯಂಥ ಸುರಂಗಗಳಿವೆ. 2004ರಲ್ಲಿ ಡೇನ್ ಮಾರ್ಗನ್, ವ್ಯಾನ್ ಡೆರ್ ವೆನ್ ಮತ್ತು ಸೀಡರ್ ಲೆಕ್ಕ ಹಾಕಿ, ಲಿಥಿಯಂ ಒಂದೇ ದಿಕ್ಕಿನ ಸುರಂಗದಲ್ಲಿ ಸಲೀಸಾಗಿ ಓಡುತ್ತದೆ, ಒಂದು ಸುರಂಗದಿಂದ ಇನ್ನೊಂದಕ್ಕೆ ದಾಟುವುದು ಬಹಳ ಕಷ್ಟ ಎಂದರು. 2005ರಲ್ಲಿ ಸೈಫುಲ್ ಇಸ್ಲಾಂ ಮತ್ತು ಸಂಗಡಿಗರ ಲೆಕ್ಕ ಇನ್ನೊಂದು ಮಾತು ಸೇರಿಸಿತು. ಸುರಂಗದಲ್ಲಿ ಅಯಾನು ನೇರವಾಗಿ ಹೋಗುವುದಿಲ್ಲ, ಹಾವಿನ ಹಾಗೆ ಬಳುಕುತ್ತ ಹೋಗುತ್ತದೆ. ಇಲ್ಲಿಯವರೆಗೂ ಎಲ್ಲ ಕಂಪ್ಯೂಟರಿನಲ್ಲೇ.

ನೋಡುವುದು ಹೇಗೆ? ಎಕ್ಸ್‌ರೇ ಎಲೆಕ್ಟ್ರಾನುಗಳನ್ನು ನೋಡುತ್ತದೆ. ಲಿಥಿಯಂನಲ್ಲಿ ಇರುವುದೇ ಮೂರು, ಅಯಾನಾದರೆ ಎರಡು. ಪಕ್ಕದಲ್ಲಿ 26 ಎಲೆಕ್ಟ್ರಾನಿನ ಕಬ್ಬಿಣ ಕೂತಿದ್ದರೆ ಲಿಥಿಯಂ ಕಣ್ಣಿಗೆ ಬೀಳುವುದು ಕಷ್ಟ. ನ್ಯೂಟ್ರಾನ್ ಹಾಗಲ್ಲ. ಅದು ಚದುರುವುದು ಪರಮಾಣುವಿನ ನ್ಯೂಕ್ಲಿಯಸ್‌ನಿಂದ, ಹಾಗಾಗಿ ಲಿಥಿಯಂ ಚೆನ್ನಾಗಿ ಕಾಣುತ್ತದೆ. ಅಲ್ಲೂ ಒಂದು ತೊಡಕು ಇದೆ. ಸಹಜ ಲಿಥಿಯಂನಲ್ಲಿ ನೂರಕ್ಕೆ ಏಳೆಂಟು ಪಾಲು ಲಿಥಿಯಂ-6 ಇರುತ್ತದೆ, ಅದು ನ್ಯೂಟ್ರಾನನ್ನು ನುಂಗಿಬಿಡುತ್ತದೆ. ಅದಕ್ಕೇ ಲಿಥಿಯಂ-7 ಹೆಚ್ಚಿಸಿದ ಮಾದರಿ ಮಾಡಿಕೊಳ್ಳಬೇಕು. ಜಪಾನಿನ ಅತ್ಸುವೊ ಯಮಾದಾ ಅವರ ತಂಡ ಹೀಗೆ ಮಾಡಿತು. ಅರ್ಧಂಬರ್ಧ ಲಿಥಿಯಂ ತೆಗೆದ ಮಾದರಿಯನ್ನು ಬಿಸಿ ಮಾಡಿ, ಅಯಾನುಗಳು ಜೋರಾಗಿ ಓಡಾಡುವಂತೆ ಮಾಡಿ, ನ್ಯೂಟ್ರಾನ್ ಹಾಯಿಸಿತು. ಲಿಥಿಯಂ ಎಲ್ಲೆಲ್ಲಿ ಇರುವ ಸಾಧ್ಯತೆ ಇದೆ ಎಂಬುದರ ನಕ್ಷೆ ಬಂತು. ಆ ನಕ್ಷೆಯಲ್ಲಿ ಒಂದೇ ದಿಕ್ಕಿಗೆ ಬಳುಕುತ್ತ ಸಾಗುವ ಎಳೆ ಇತ್ತು. ಪ್ರಕಟವಾದದ್ದು 2008ರಲ್ಲಿ. ಲೆಕ್ಕ ಮೊದಲು ಹೇಳಿದ ದಾರಿ, ಅಳತೆಯಲ್ಲಿ ಹಾಗೇ ಕಂಡಿತು. ಆ ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು.

ಒಂದೇ ದಿಕ್ಕಿನ ದಾರಿ ಎಂದರೆ ಒಂದು ಅಪಾಯವೂ ಇದೆ. ತಯಾರಿಸುವಾಗ ಲಿಥಿಯಂ ಜಾಗಕ್ಕೆ ಅಲ್ಲೊಂದು ಇಲ್ಲೊಂದು ಕಬ್ಬಿಣ ಹೋಗಿ ಕೂತುಬಿಡುತ್ತದೆ. ಪದರದ ವಸ್ತುವಾದರೆ ಅಯಾನು ಪಕ್ಕಕ್ಕೆ ಸರಿದು ಮುಂದೆ ಹೋಗಬಹುದು. ಸುರಂಗದಲ್ಲಿ ಪಕ್ಕಕ್ಕೆ ಸರಿಯಲು ಜಾಗವೇ ಇಲ್ಲ. ಒಂದು ಸುರಂಗದಲ್ಲಿ ಎರಡು ಕಡೆ ಇಂಥ ಅಡ್ಡಿ ಇದ್ದರೆ ನಡುವೆ ಇರುವ ಲಿಥಿಯಂ ಸಿಕ್ಕಿಹಾಕಿಕೊಳ್ಳುತ್ತದೆ. 2010ರಲ್ಲಿ ರಾಹುಲ್ ಮಲಿಕ್, ಸೀಡರ್ ಮತ್ತು ಸಂಗಡಿಗರು ಇದನ್ನು ಲೆಕ್ಕ ಹಾಕಿ ತೋರಿಸಿದರು. ಹತ್ತಾರು ನ್ಯಾನೋಮೀಟರಿನ ಕಣದಲ್ಲಿ ಒಂದು ಸುರಂಗಕ್ಕೆ ಎರಡು ಅಡ್ಡಿ ಬೀಳುವ ಸಂಭವ ಕಡಿಮೆ, ಹಾಗಾಗಿ ಅಯಾನು ಪುರ್ರನೆ ಓಡುತ್ತದೆ. ಕಣ ದೊಡ್ಡದಾದಂತೆ ಪ್ರತಿ ಸುರಂಗದಲ್ಲೂ ಅಡ್ಡಿಗಳು ಹೆಚ್ಚುತ್ತವೆ, ಅಯಾನು ಕಷ್ಟದ ಅಡ್ಡದಾರಿಗಳನ್ನೇ ಹಿಡಿಯಬೇಕಾಗುತ್ತದೆ. ಅಂದರೆ ಈ ವಸ್ತುವಿನಲ್ಲಿ ಡಿಫ್ಯೂಷನ್ ಗುಣಾಂಕವೇ ಕಣದ ಗಾತ್ರದ ಮೇಲೆ ನಿಂತಿದೆ. ನೀವು ಕಂಡ ಸಾವಿರ ಪಟ್ಟಿಗೆ ಇದು ಒಂದು ನೇರ ಕಾರಣ ಇರಬಹುದು. ಎರಡೂ ಪ್ರಬಂಧಗಳಲ್ಲಿ ಕಣದ ಗಾತ್ರ ಎಷ್ಟಿತ್ತು ಎಂದು ಮೊದಲು ನೋಡಿ.

ಇನ್ನೊಂದು ಕಾರಣ ಅಳೆಯುವ ವಿಧಾನದಲ್ಲೇ ಇದೆ. ನೀವು ಪ್ರಾಜೆಕ್ಟಿನಲ್ಲಿ ಬಹುಶಃ ಜಿಐಟಿಟಿ (ಗ್ಯಾಲ್ವನೋಸ್ಟ್ಯಾಟಿಕ್ ಇಂಟರ್‌ಮಿಟೆಂಟ್ ಟೈಟ್ರೇಶನ್ ಟೆಕ್ನಿಕ್) ಮಾಡುತ್ತೀರಿ. ಲ್ಯಾಬಿನಲ್ಲಿ ಎಲ್ಲರೂ ಗಿಟ್ ಎಂದೇ ಕರೆಯುತ್ತಾರೆ. ವೆರ್ನರ್ ವೆಪ್ನರ್ ಮತ್ತು ರಾಬರ್ಟ್ ಹಗಿನ್ಸ್ 1977ರಲ್ಲಿ ಕೊಟ್ಟ ವಿಧಾನ ಇದು. ಸಣ್ಣ ಕರೆಂಟನ್ನು ಸ್ವಲ್ಪ ಹೊತ್ತು ಕೊಡುತ್ತೀರಿ, ಆಮೇಲೆ ನಿಲ್ಲಿಸಿ ವೋಲ್ಟೇಜ್ ಶಾಂತವಾಗುವವರೆಗೆ ಕಾಯುತ್ತೀರಿ. ಕರೆಂಟ್ ಇದ್ದಾಗ ವೋಲ್ಟೇಜ್ ಎಷ್ಟು ಏರಿತು, ವಿಶ್ರಾಂತಿಯ ನಂತರ ಎಷ್ಟಕ್ಕೆ ನಿಂತಿತು, ಈ ಎರಡರ ಅನುಪಾತದಿಂದ ಡಿಫ್ಯೂಷನ್ ಗುಣಾಂಕ ಬರುತ್ತದೆ. ಯಂತ್ರ ಇದ್ದರೆ ಮಾಡುವುದು ಸುಲಭ. ಅದರಿಂದಲೇ ತೊಂದರೆ.

ಆ ಸೂತ್ರ ಚಪ್ಪಟೆ ಹಲಗೆಯಂಥ ವಸ್ತುವಿಗೆ ಬರೆದದ್ದು. ನಿಮ್ಮ ಎಲೆಕ್ಟ್ರೋಡಿನಲ್ಲಿ ಇರುವುದು ಲಕ್ಷಾಂತರ ಕಣಗಳು, ನಡುವೆ ಕಾರ್ಬನ್, ಅಂಟು, ರಂಧ್ರಗಳು. ಸೂತ್ರದಲ್ಲಿ ಮೇಲ್ಮೈ ವಿಸ್ತೀರ್ಣ ವರ್ಗವಾಗಿ ಬರುತ್ತದೆ. ಎಲೆಕ್ಟ್ರೋಡ್ ಬಿಲ್ಲೆಯ ವಿಸ್ತೀರ್ಣ ಹಾಕಬೇಕಾ, ಕಣಗಳ ಒಟ್ಟು ಮೇಲ್ಮೈ ಹಾಕಬೇಕಾ? ಕಣದ ಸರಾಸರಿ ತ್ರಿಜ್ಯದಿಂದ ಲೆಕ್ಕ ಹಾಕಬೇಕಾ, ಅನಿಲ ಹೀರಿಸಿ ಅಳೆದದ್ದನ್ನು ಹಾಕಬೇಕಾ? ಇದರಲ್ಲಿ ಹತ್ತು ಪಟ್ಟು ವ್ಯತ್ಯಾಸವಾದರೆ ಉತ್ತರದಲ್ಲಿ ನೂರು ಪಟ್ಟು ವ್ಯತ್ಯಾಸವಾಗುತ್ತದೆ. ನಾನು ಸಂಶೋಧನೆ ಶುರು ಮಾಡಿದ ಕಾಲದಲ್ಲಿ ಒಂದೇ ಅಳತೆಯ ಮಾಹಿತಿಗೆ ಎರಡು ರೀತಿಯ ವಿಸ್ತೀರ್ಣ ಹಾಕಿ ನೋಡಿದ್ದೆ. ಬಂದ ಎರಡು ಗೆರೆಗಳನ್ನು ಒಂದೇ ಕಾಗದದ ಮೇಲೆ ಎಳೆದಾಗ, ಇಷ್ಟು ದಿನ ಓದಿದ ಎಲ್ಲ ಸಂಖ್ಯೆಗಳನ್ನೂ ಮತ್ತೆ ಓದಬೇಕು ಅನಿಸಿತು. ಪ್ರಬಂಧದಲ್ಲಿ ಯಾವ ವಿಸ್ತೀರ್ಣ ಬಳಸಿದ್ದಾರೆ ಎಂದು ಬರೆದಿಲ್ಲದಿದ್ದರೆ ಆ ಸಂಖ್ಯೆಯನ್ನು ಬೇರೆ ಪ್ರಬಂಧದ ಜೊತೆ ಹೋಲಿಸಲೇಬೇಡಿ.

ಲಿಥಿಯಂ ಐರನ್ ಫಾಸ್ಫೇಟಿಗೆ ಗಿಟ್ ಮಾಡುವವರಿಗೆ ಇನ್ನೊಂದು ಎಚ್ಚರಿಕೆ. ಅದು ಚಾರ್ಜ್ ಆಗುವಾಗ ಲಿಥಿಯಂ ತುಂಬಿದ ಹಂತ (ಫೇಸ್), ಖಾಲಿ ಹಂತ ಎಂದು ಎರಡಾಗಿ ಒಡೆಯುತ್ತದೆ. ವೋಲ್ಟೇಜ್ 3.4ರ ಹತ್ತಿರ ಚಪ್ಪಟೆಯಾಗಿ ನಿಂತುಬಿಡುತ್ತದೆ. ಸೂತ್ರ ಕೇಳುವುದೇ ವೋಲ್ಟೇಜ್ ಬದಲಾವಣೆಯನ್ನು. ಅದು ಸೊನ್ನೆಯ ಹತ್ತಿರ ಇದ್ದಾಗ ಬರುವ ಉತ್ತರಕ್ಕೆ ಅರ್ಥವೇ ಇಲ್ಲ. ಅಲ್ಲಿ ನಡೆಯುತ್ತಿರುವುದು ಎರಡು ಹಂತಗಳ ಗಡಿ ಸರಿಯುವ ಕೆಲಸ. ಹಾಗಿದ್ದೂ ಆ ಚಪ್ಪಟೆ ಭಾಗದಲ್ಲಿ ಗುಣಾಂಕ ಲೆಕ್ಕ ಹಾಕಿದ ಪ್ರಬಂಧಗಳು ನಿಮಗೆ ಸಿಗುತ್ತವೆ. ಅವನ್ನು ಪಕ್ಕಕ್ಕಿಡಿ.

ಬೇರೆ ಬೇರೆ ಆವರ್ತನದ ಪರ್ಯಾಯ ವಿದ್ಯುತ್ ಕೊಟ್ಟು ಸೆಲ್‌ನ ಪ್ರತಿರೋಧ ಅಳೆಯುವ ಇಂಪೀಡೆನ್ಸ್ ವಿಧಾನಕ್ಕೂ ಹೆಚ್ಚುಕಮ್ಮಿ ಇವೇ ತೊಡಕುಗಳು. ಅಲ್ಲಿ 45 ಡಿಗ್ರಿ ಓರೆ ಗೆರೆ ಕಂಡ ಕೂಡಲೇ ಅದು ಕಣದೊಳಗಿನ ಡಿಫ್ಯೂಷನ್ ಎಂದು ತೀರ್ಮಾನಿಸಬೇಡಿ. ರಂಧ್ರಗಳಲ್ಲಿರುವ ಎಲೆಕ್ಟ್ರೋಲೈಟ್ ಕೂಡ ಅಂಥದ್ದೇ ಗೆರೆ ಕೊಡಬಲ್ಲದು.

ಇನ್ನು ಒಂದೊಂದೇ ಜಿಗಿತವನ್ನು ಹಿಡಿಯುವ ವಿಧಾನಗಳು. ಎನ್‌ಎಂಆರ್‌ನಲ್ಲಿ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್) ಲಿಥಿಯಂ-7ರ ನ್ಯೂಕ್ಲಿಯಸ್ ಮಾತಾಡುತ್ತದೆ. ಎರಡು ಬೇರೆ ಜಾಗಗಳಲ್ಲಿರುವ ಲಿಥಿಯಂ ಎರಡು ಬೇರೆ ಗೆರೆ ಕೊಡುತ್ತದೆ. ಜಿಗಿತ ವೇಗವಾದರೆ ಎರಡೂ ಸೇರಿ ಒಂದೇ ಗೆರೆ ಆಗುತ್ತದೆ. ಉಷ್ಣಾಂಶ ಏರಿಸುತ್ತ ಇದನ್ನು ನೋಡಿದರೆ ಸೆಕೆಂಡಿಗೆ ಎಷ್ಟು ಜಿಗಿತ ಎಂದು ತಿಳಿಯುತ್ತದೆ. ಆದರೆ ಕೋಬಾಲ್ಟ್, ಕಬ್ಬಿಣ, ಮ್ಯಾಂಗನೀಸ್ ಕಾಂತೀಯವಾಗಿದ್ದರೆ ಅವುಗಳ ಗದ್ದಲದಲ್ಲಿ ಲಿಥಿಯಂನ ದನಿ ಅಡಗಿಹೋಗಬಹುದು. ಅಲ್ಲಿ ಮ್ಯೂಆನ್ ಕೈಹಿಡಿಯುತ್ತದೆ. ಧನ ಮ್ಯೂಆನ್ ಸರಾಸರಿ 2.2 ಮೈಕ್ರೋಸೆಕೆಂಡ್ ಬದುಕುವ ಕಣ. ಅದನ್ನು ವಸ್ತುವಿನೊಳಗೆ ಹೊಗಿಸಿದರೆ ಆಮ್ಲಜನಕದ ಪಕ್ಕ ಕೂರುತ್ತದೆ. ಅಕ್ಕಪಕ್ಕದ ಲಿಥಿಯಂ ಜಿಗಿದಾಗಲೆಲ್ಲ ಅದರ ಸುತ್ತಲಿನ ಪುಟ್ಟ ಕಾಂತಕ್ಷೇತ್ರ ಅಲುಗಾಡುತ್ತದೆ, ಅದು ಸಾಯುವ ಮೊದಲು ಆ ಸುದ್ದಿ ಕೊಟ್ಟು ಹೋಗುತ್ತದೆ. ಜುನ್ ಸುಗಿಯಾಮಾ ಮತ್ತು ಸಂಗಡಿಗರು 2009ರಲ್ಲಿ ಲಿಥಿಯಂ ಕೋಬಾಲ್ಟ್ ಆಕ್ಸೈಡಿನ ಮೇಲೆ ಇದನ್ನು ಮಾಡಿ ತೋರಿಸಿದರು. ಕಣದ ಮೇಲ್ಮೈ ಎಷ್ಟು, ಬಿರುಕು ಎಷ್ಟು ಎನ್ನುವ ಗೊಂದಲ ಯಾವುದೂ ಈ ಅಳತೆಗೆ ಇಲ್ಲ. ಅದೇ ಅದರ ಮಿತಿಯೂ ಹೌದು. ಜಿಗಿತ ಚೆನ್ನಾಗಿದ್ದರೂ ಕಣದಲ್ಲಿ ಹರಳಿನ ಗಡಿಗಳು, ಬಿರುಕುಗಳು ಇದ್ದರೆ ಇಡೀ ಪ್ರಯಾಣ ನಿಧಾನವಾಗುತ್ತದೆ. ಮ್ಯೂಆನಿಗೆ ಅದು ಗೊತ್ತೇ ಆಗುವುದಿಲ್ಲ.

ಈ ಎರಡು ಗುಂಪಿನ ಸಂಖ್ಯೆಗಳನ್ನು ಹೋಲಿಸುವಾಗ ಇನ್ನೊಂದು ಗುಣಕ ಅಡ್ಡ ಬರುತ್ತದೆ. ಜಿಗಿತದಿಂದ ಲೆಕ್ಕ ಹಾಕಿದ್ದು ಅಯಾನಿನ ಸ್ವಂತ ಅಲೆದಾಟ. ಗಿಟ್ ಅಳೆಯುವುದು ಸಾಂದ್ರತೆಯ ಏರುಪೇರು ಎಷ್ಟು ಬೇಗ ಸಮವಾಗುತ್ತದೆ ಎಂದು. ಲಿಥಿಯಂ ಅಯಾನುಗಳು ಒಂದನ್ನೊಂದು ತಳ್ಳುವುದರಿಂದ ದಟ್ಟ ಜಾಗದಿಂದ ಖಾಲಿ ಜಾಗದ ಕಡೆಗೆ ಹರಿವು ಅಲೆದಾಟಕ್ಕಿಂತ ಜೋರಾಗಿರುತ್ತದೆ. ಎಷ್ಟು ಜೋರು ಎಂಬುದಕ್ಕೆ ಥರ್ಮೋಡೈನಾಮಿಕ್ ಗುಣಕ ಎನ್ನುತ್ತಾರೆ, ಅದು ಹತ್ತು ಪಟ್ಟು, ನೂರು ಪಟ್ಟು ಆಗುವುದೂ ಉಂಟು. ಒಳ್ಳೆಯ ಸುದ್ದಿ ಎಂದರೆ ಅದನ್ನು ಲೆಕ್ಕ ಹಾಕಲು ಬೇಕಾದ ಮಾಹಿತಿ ನಿಮ್ಮ ಗಿಟ್ ಪ್ರಯೋಗದಲ್ಲೇ ಇದೆ. ಪ್ರತಿ ವಿಶ್ರಾಂತಿಯ ಕೊನೆಯ ವೋಲ್ಟೇಜನ್ನು ಲಿಥಿಯಂ ಪ್ರಮಾಣದ ಎದುರು ಗುರುತಿಸಿ, ಆ ಗೆರೆಯ ಇಳಿಜಾರು ತೆಗೆದರೆ ಸಾಕು.

ಕಣ್ಣಾರೆ ನೋಡುವ ಆಸೆ ಇದ್ದರೆ ಗ್ರಾಫೈಟ್‌ಗಿಂತ ಒಳ್ಳೆಯ ವಸ್ತು ಇಲ್ಲ. ಲಿಥಿಯಂ ಒಳಹೋದಂತೆ ಕಪ್ಪು ಗ್ರಾಫೈಟ್ ಮೊದಲು ನೀಲಿಯಾಗುತ್ತದೆ, ಆಮೇಲೆ ಕೆಂಪು, ಪೂರ್ತಿ ತುಂಬಿದಾಗ ಬಂಗಾರದ ಬಣ್ಣ. ಗಾಜಿನ ಕಿಟಕಿ ಇರುವ ಸೆಲ್ ಮತ್ತು ಸಾಧಾರಣ ಆಪ್ಟಿಕಲ್ ಮೈಕ್ರೋಸ್ಕೋಪ್ ಇದ್ದರೆ ಬಣ್ಣ ಹರಡುವುದನ್ನು ನೋಡುತ್ತ ಕೂರಬಹುದು. ಕೇಂಬ್ರಿಡ್ಜ್‌ನಲ್ಲಿ ಕ್ಲೇರ್ ಗ್ರೇ, ಅಕ್ಷಯ್ ರಾವ್ ಮತ್ತು ಸಂಗಡಿಗರು 2021ರಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಲಿಥಿಯಂ ಕೋಬಾಲ್ಟ್ ಆಕ್ಸೈಡಿನ ಒಂದೇ ಒಂದು ಕಣದಿಂದ ಚದುರಿದ ಬೆಳಕನ್ನು ಅಳೆದು, ಚಾರ್ಜ್ ಆಗುತ್ತಿರುವಾಗಲೇ ಹಂತಗಳ ಗಡಿ ಸರಿಯುವುದನ್ನು ಚಿತ್ರೀಕರಿಸಿದರು. ಮುಂದೆ ನೀವು ಎಕ್ಸ್‌ರೇ ಕಿರಣದ ದೊಡ್ಡ ಕೇಂದ್ರಗಳಲ್ಲಿ ಇಂಥ ಪ್ರಯೋಗ ಮಾಡುವ ಅವಕಾಶ ಸಿಕ್ಕರೆ ಒಂದು ಮಾತು ನೆನಪಿಡಿ. ಜೋರಾದ ಕಿರಣ ತಾನು ಬಿದ್ದ ಜಾಗವನ್ನೇ ಕೆಡಿಸಬಹುದು. ಕಿರಣ ಬೀಳದ ಇನ್ನೊಂದು ಮೂಲೆಯನ್ನು ಕೊನೆಯಲ್ಲಿ ಒಮ್ಮೆ ಅಳೆದು, ಎರಡೂ ಹೊಂದುತ್ತವಾ ಎಂದು ನೋಡಲೇಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ನಿಮ್ಮ ಬ್ಯಾಟರಿ ನಿಧಾನವಾಗಿರಲು ಕಣದೊಳಗಿನ ಡಿಫ್ಯೂಷನ್ ಕಾರಣವೇ ಅಲ್ಲದಿರಬಹುದು. ಅಯಾನು ಎಲೆಕ್ಟ್ರೋಲೈಟಿನಲ್ಲಿ ದ್ರಾವಕದ ಅಣುಗಳನ್ನು ಹೊದ್ದುಕೊಂಡು ಬರುತ್ತದೆ. ಕಣದೊಳಗೆ ಹೋಗುವ ಮುನ್ನ ಅದನ್ನು ಕಳಚಬೇಕು, ಮೇಲ್ಮೈಯ ಪೊರೆ ದಾಟಬೇಕು. ದಪ್ಪ ಎಲೆಕ್ಟ್ರೋಡ್ ಆದರೆ ಅದಕ್ಕೂ ಮೊದಲು ಅಂಕುಡೊಂಕು ರಂಧ್ರಗಳಲ್ಲಿ ಸುತ್ತಬೇಕು. ಕಂಡುಹಿಡಿಯುವ ದಾರಿ ಸರಳ. ಅದೇ ಪುಡಿಯಿಂದ ಒಂದು ತೆಳು, ಒಂದು ದಪ್ಪ ಎಲೆಕ್ಟ್ರೋಡ್ ಮಾಡಿ, ಒಂದೇ ಸಿ-ರೇಟಿನಲ್ಲಿ, ಅಂದರೆ ಎರಡೂ ಒಂದೇ ಹೊತ್ತಿನಲ್ಲಿ ತುಂಬುವಂಥ ವೇಗದಲ್ಲಿ, ಓಡಿಸಿ. ತೆಳುವಾದದ್ದು ಚೆನ್ನಾಗಿ ಓಡಿ ದಪ್ಪದ್ದು ಸೋತರೆ, ತಪ್ಪು ಬಹುಶಃ ರಂಧ್ರಗಳದ್ದು. ಅಂಥ ಎಲೆಕ್ಟ್ರೋಡಿನಲ್ಲಿ ಗಿಟ್ ಮಾಡಿ ಕಣದ ಗುಣಾಂಕ ಬರೆಯಬೇಡಿ.

ನಿಮ್ಮ ಪ್ರಾಜೆಕ್ಟಿಗೆ ನನ್ನ ಸಲಹೆ ಹೀಗಿದೆ. ತೆಳು ಎಲೆಕ್ಟ್ರೋಡ್ ಮಾಡಿ. ಸಾಧ್ಯವಾದರೆ ಒಂದೇ ಗಾತ್ರದ ಕಣಗಳನ್ನು ಆರಿಸಿ, ಮೈಕ್ರೋಸ್ಕೋಪಿನಲ್ಲಿ ಅಳೆದ ತ್ರಿಜ್ಯವನ್ನು ಬರೆದಿಡಿ. ಕರೆಂಟ್ ಕೊಟ್ಟಾಗ ವೋಲ್ಟೇಜನ್ನು ಸಮಯದ ವರ್ಗಮೂಲದ ಎದುರು ಗುರುತಿಸಿ, ಗೆರೆ ನೇರ ಇದ್ದ ಕಡೆ ಮಾತ್ರ ಸೂತ್ರ ಹಾಕಿ. ವಿಶ್ರಾಂತಿಗೆ ಗಂಟೆಗಟ್ಟಲೆ ಬೇಕಾದರೆ ಗಂಟೆಗಟ್ಟಲೆ ಕಾಯಿರಿ, ಅವಸರ ಮಾಡಬೇಡಿ. ಮತ್ತೆ ಇದೇ ಅಳತೆಯನ್ನು ಮೂರ್ನಾಲ್ಕು ಉಷ್ಣಾಂಶಗಳಲ್ಲಿ, ಅದೇ ಸೆಲ್‌ನಲ್ಲಿ, ಅದೇ ಚಾರ್ಜ್ ಮಟ್ಟದಲ್ಲಿ ಮಾಡಿ. ವಿಸ್ತೀರ್ಣದಲ್ಲಿ ನಿಮ್ಮ ಊಹೆ ತಪ್ಪಿದ್ದರೂ ಆ ತಪ್ಪು ಎಲ್ಲ ಉಷ್ಣಾಂಶಗಳಲ್ಲೂ ಒಂದೇ. ಹಾಗಾಗಿ ಗುಣಾಂಕ ನೂರು ಪಟ್ಟು ಆಚೀಚೆ ಆದರೂ, ಉಷ್ಣಾಂಶದ ಜೊತೆ ಅದು ಬದಲಾಗುವ ಇಳಿಜಾರಿನಿಂದ ಸಿಗುವ ಶಕ್ತಿ ತಡೆ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಅದನ್ನು ಎನ್‌ಎಂಆರ್ ಮತ್ತು ಮ್ಯೂಆನ್ ಕೊಟ್ಟ ತಡೆಯ ಪಕ್ಕ, ಲೆಕ್ಕಾಚಾರದವರ ತಡೆಯ ಪಕ್ಕ ಇಟ್ಟು ನೋಡಿ. ನಿಮ್ಮ ಎರಡು ಪ್ರಬಂಧಗಳಲ್ಲೂ ತಡೆ ಕೊಟ್ಟಿದ್ದರೆ ಗುಣಾಂಕ ಬಿಟ್ಟು ಮೊದಲು ಅದನ್ನೇ ಹೋಲಿಸಿ.